ಹಳೆಯ ಗಿರಣಿಯ ಹಿಟ್ಟು ಮತ್ತು ಆಹಾರ ಸುರಕ್ಷತೆಯ ಕಾನೂನು

ಚೆನ್ನೈ ಮಹಾನಗರದ ತಿರುವಲ್ಲಿಕ್ಕೇಣಿ, ಮೈಲಾಪುರ, ಮಾಂಬಲಗಳಂತಹ ಹಳೆಯ ಬಡಾವಣೆಗಳಲ್ಲಿ ‘ಮಾವು ಮಿಲ್ಲು’ ಎಂದು ಕರೆಯಲಾಗುವ ಸಣ್ಣ ಹಿಟ್ಟಿನ ಗಿರಣಿಗಳನ್ನು ಇಂದಿಗೂ ಕಾಣಬಹುದು. ತಮಿಳಿನಲ್ಲಿ ಮಾವು ಎಂದರೆ ಹಿಟ್ಟು. ಬೀದಿಗೆ ತೆರೆದುಕೊಂಡ ಒಂದು ಕೋಣೆ, ಒಂದು ವಿದ್ಯುತ್ ಮೋಟಾರು, ಬೆಲ್ಟಿನಿಂದ ತಿರುಗುವ ಎರಡು ಮೂರು ಯಂತ್ರಗಳು, ಒಂದು ತಕ್ಕಡಿ - ಇವಿಷ್ಟೇ ಅವುಗಳ ಆಸ್ತಿ. ಗೃಹಿಣಿಯರು ಮನೆಯಲ್ಲಿ ಆರಿಸಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿದ ಕಾಳನ್ನು ಡಬ್ಬಿಯಲ್ಲಿ ತರುತ್ತಾರೆ. ತಮ್ಮ ಸರದಿ ಬರುವವರೆಗೆ ಕಾಯುತ್ತಾರೆ. ಬೀಸುವ ಕೂಲಿಯನ್ನು ಕೊಟ್ಟು, ಇನ್ನೂ ಬಿಸಿಯಾಗಿರುವ ಹಿಟ್ಟನ್ನು ಅದೇ ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಈ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ರಾಗಿ ಹಿಟ್ಟು, ಹುರಿಹಿಟ್ಟು, ಸಾರಿನ ಪುಡಿಗಳು ಬಹುಕಾಲ ದೊರೆತದ್ದು ಇಂತಹ ಗಿರಣಿಗಳಿಂದಲೇ.

ಆದರೆ ಕಾಳು ತರುವವರ ಸಂಖ್ಯೆ ಕಡಿಮೆಯಾಗುತ್ತಿದೆ. ಬಹುಮಹಡಿಯ ಮನೆಗಳಲ್ಲಿ ಗೋಧಿಯನ್ನು ಒಣಗಿಸಲು ಅಂಗಳವಿಲ್ಲ, ಒಣಗಿಸುವ ಪುರುಸೊತ್ತೂ ಇಲ್ಲ. ಇತ್ತ, ಕಲ್ಲಿನಲ್ಲಿ ಬೀಸಿದ ಹಿಟ್ಟಿಗೆ, ಸಿರಿಧಾನ್ಯಗಳ ಹಿಟ್ಟಿಗೆ, ಹಲವು ಧಾನ್ಯ ಮತ್ತು ಬೇಳೆಗಳನ್ನು ಹುರಿದು ಗಂಜಿಗಾಗಿ ಬೀಸುವ ‘ಸತ್ತು ಮಾವಿಗೆ’ ಹೊಸ ಬೇಡಿಕೆ ಹುಟ್ಟಿದೆ. ಆದುದರಿಂದ ತಾತನ ಕಾಲದಿಂದ ಕೂಲಿಗೆ ಬೀಸುತ್ತಿದ್ದ ಗಿರಣಿಯ ಮಾಲೀಕರು ತಾವೇ ಧಾನ್ಯವನ್ನು ಕೊಂಡು, ಬೀಸಿ, ಪೊಟ್ಟಣ ಕಟ್ಟಿ ಮಾರಲು ಮುಂದಾಗುತ್ತಾರೆ. ಗಿರಣಿ ಅದೇ, ಕಲ್ಲು ಅದೇ, ಬೀಸುವ ಕೈಯೂ ಅದೇ. ಹೀಗಿರುವಾಗ ಕಾನೂನಿನ ದೃಷ್ಟಿಯಲ್ಲಿ ಬದಲಾದದ್ದಾದರೂ ಏನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಲಾಗಿದೆ.

ಕೂಲಿಯಿಂದ ಮಾರಾಟಕ್ಕೆ

ಬದಲಾದದ್ದು ಗಿರಾಕಿಯ ಕಣ್ಣು. ಕೂಲಿಗೆ ಬೀಸುವಾಗ ಧಾನ್ಯದ ಗುಣಕ್ಕೆ ಗಿರಾಕಿಯೇ ಹೊಣೆ. ಅದನ್ನು ಆಕೆ ಮೊರದಲ್ಲಿ ಕೇರಿ, ಕಲ್ಲು ಆರಿಸಿ ತಂದಿರುತ್ತಾಳೆ. ತನ್ನ ಕಾಳು ಯಂತ್ರದ ಬಾಯಿಗೆ ಬೀಳುವುದನ್ನೂ ಹಿಟ್ಟಾಗಿ ಹೊರಬರುವುದನ್ನೂ ನಿಂತು ನೋಡಿರುತ್ತಾಳೆ. ಹಿಂದಿನವರ ಮೆಣಸಿನಕಾಯಿಯ ಘಾಟು ಯಂತ್ರದಲ್ಲಿ ಉಳಿದಿದ್ದರೆ ಅಲ್ಲಿಯೇ ತಕರಾರು ಮಾಡುತ್ತಾಳೆ. ಪೊಟ್ಟಣದ ಹಿಟ್ಟನ್ನು ಕೊಳ್ಳುವವರಿಗೆ ಇವು ಯಾವುವೂ ಕಾಣುವುದಿಲ್ಲ. ಧಾನ್ಯ ಎಲ್ಲಿಯದು, ಎಷ್ಟು ದಿನ ಗೋಣಿಯಲ್ಲಿತ್ತು, ಇಲಿ ಮುಟ್ಟಿತ್ತೇ, ಅದರೊಡನೆ ಬೇರೇನು ಬೆರೆಯಿತು ಎಂಬುದು ಬಿಳಿಯ ಪುಡಿಯನ್ನು ನೋಡಿ ತಿಳಿಯುವಂತಹುದಲ್ಲ. ಕಾಳಿನಲ್ಲಿ ಕಾಣುವ ದೋಷ ಹಿಟ್ಟಿನಲ್ಲಿ ಅಡಗುತ್ತದೆ. ನೋಂದಣಿ, ಪರವಾನಗಿ, ಪೊಟ್ಟಣದ ಮೇಲಿನ ಬರಹ, ಪ್ರಯೋಗಾಲಯದ ಪರೀಕ್ಷೆ - ಇವೆಲ್ಲವೂ ಅಲ್ಲಿ ಇಲ್ಲದಿರುವ ಆ ಕಣ್ಣಿನ ಸ್ಥಾನದಲ್ಲಿ ನಿಲ್ಲಲು ಏರ್ಪಡಿಸಲಾದವು.

ಇಲ್ಲಿ ಒಂದು ಪದದ ಕುರಿತು ಹೇಳುವುದು ಅವಶ್ಯಕ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಕೇಂದ್ರದಲ್ಲಿರುವ ಕಲ್ಪನೆಯನ್ನು ಕನ್ನಡದಲ್ಲಿ ‘ಆಹಾರ ವ್ಯಾಪಾರ’ ಎಂದು ಅನುವಾದಿಸುವುದುಂಟು. ವ್ಯಾಪಾರವೆಂದರೆ ಕೊಳ್ಳುವುದು ಮತ್ತು ಮಾರುವುದು ಎಂಬುದೇ ನಮ್ಮ ಜನರ ತಿಳಿವಳಿಕೆ. ‘ನಾನು ಹಿಟ್ಟು ಮಾರುವುದಿಲ್ಲ, ಕೂಲಿಗೆ ಬೀಸಿ ಕೊಡುತ್ತೇನೆ, ನನಗೆ ಈ ಕಾನೂನು ಸಲ್ಲದು’ ಎಂದು ಗಿರಣಿಯವರು ವಾದಿಸಲು ಈ ಅನುವಾದವೇ ಆಸ್ಪದ ಕೊಡುತ್ತದೆ. ಅಧಿನಿಯಮದ ವ್ಯಾಖ್ಯೆಯಾದರೋ ಇದಕ್ಕಿಂತ ವಿಶಾಲವಾದುದು. ಲಾಭಕ್ಕಾಗಲಿ, ಲಾಭವಿಲ್ಲದೆಯಾಗಲಿ, ಖಾಸಗಿಯಾಗಲಿ, ಸಾರ್ವಜನಿಕವಾಗಲಿ, ಆಹಾರದ ತಯಾರಿಕೆ, ಸಂಸ್ಕರಣೆ, ಪೊಟ್ಟಣ ಕಟ್ಟುವಿಕೆ, ದಾಸ್ತಾನು, ಸಾಗಣೆ, ವಿತರಣೆ ಇವುಗಳಲ್ಲಿ ಯಾವುದೇ ಹಂತದ ಕೆಲಸವನ್ನು ನಡೆಸುವ ಉದ್ಯಮವೂ ಅದರೊಳಗೆ ಬರುತ್ತದೆ. ಕಾಳನ್ನು ಹಿಟ್ಟು ಮಾಡುವುದು ಸಂಸ್ಕರಣೆ. ಆದ್ದರಿಂದ ‘ಆಹಾರ ವ್ಯವಹಾರ’ ಎಂಬ ಮಾತೇ ಹೆಚ್ಚು ಉಚಿತ ಎಂಬುದು ಈ ಲೇಖಕನ ಅಭಿಪ್ರಾಯ.

ರೈತನ ಸ್ಥಿತಿ ಬೇರೆ. ರೈತನಿಗಾಗಲಿ, ಆತನ ಬೇಸಾಯದ ಕೆಲಸಕ್ಕಾಗಲಿ, ಬೆಳೆಗಾಗಲಿ ಈ ಅಧಿನಿಯಮವು ಅನ್ವಯಿಸುವುದಿಲ್ಲವೆಂದು ಅದರ 18ನೆಯ ಪ್ರಕರಣವೇ ಸ್ಪಷ್ಟಪಡಿಸಿದೆ. ಕಣದಲ್ಲಿರುವ ರಾಗಿ ಕಾನೂನಿನ ಹೊರಗೆ. ಗಿರಣಿಯ ಬಾಯಿಗೆ ಬಿದ್ದ ರಾಗಿ ಕಾನೂನಿನ ಒಳಗೆ.

ಮದರಾಸಿನ ಹಳೆಯ ಕಾನೂನು

ಆಹಾರದ ಕಲಬೆರಕೆಯನ್ನು ತಡೆಯುವ ಪ್ರಯತ್ನ ಸ್ವಾತಂತ್ರ್ಯಾನಂತರದ್ದೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಅಂದಿನ ಮದರಾಸು ಪ್ರಾಂತ್ಯದಲ್ಲಿ 1918ರಲ್ಲಿಯೇ ಕಲಬೆರಕೆ ತಡೆ ಕಾಯಿದೆಯೊಂದು ಜಾರಿಗೆ ಬಂದಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಆ ಪ್ರಾಂತ್ಯದಲ್ಲಿಯೇ ಇದ್ದವೆಂಬುದನ್ನು ವಾಚಕರು ನೆನೆಯಬಹುದು. ಪ್ರಾಂತ್ಯದ ನೈರ್ಮಲ್ಯ ಕಮಿಷನರರಾಗಿದ್ದ ಡಬ್ಲ್ಯು. ಜಿ. ಕಿಂಗ್ ಅವರ ಹೆಸರಿನಲ್ಲಿ ಗಿಂಡಿಯಲ್ಲಿ 1899ರಲ್ಲಿ ಆರಂಭವಾದ ಕಿಂಗ್ ಸಂಸ್ಥೆಯು ಲಸಿಕೆಗಳಿಗೆ ಹೆಸರಾದುದು. ಅದರ ಆವರಣದಲ್ಲಿಯೇ ಆಹಾರ ವಿಶ್ಲೇಷಣಾ ಪ್ರಯೋಗಾಲಯವೂ ನೆಲೆಗೊಂಡಿತು.

ಬಂಗಾಳ, ಪಂಜಾಬ್, ಮುಂಬಯಿ ಪ್ರಾಂತ್ಯಗಳಿಗೂ ಪ್ರತ್ಯೇಕ ಕಾಯಿದೆಗಳಿದ್ದವು. ಒಂದರ ಮಾನಕ ಮತ್ತೊಂದರಂತಿರಲಿಲ್ಲ. ಗೋಧಿ ಮಾತ್ರ ರೈಲಿನಲ್ಲಿ ಎಲ್ಲ ಪ್ರಾಂತ್ಯಗಳನ್ನೂ ದಾಟಿ ಬರುತ್ತಿತ್ತು. ಸಂವಿಧಾನವು ಆಹಾರ ಪದಾರ್ಥಗಳ ಕಲಬೆರಕೆಯನ್ನು ಸಮವರ್ತಿ ಪಟ್ಟಿಯ 18ನೆಯ ನಮೂದಿನಲ್ಲಿ ಸೇರಿಸಿದ ಮೇಲೆ ಇಡೀ ದೇಶಕ್ಕೆ ಒಂದೇ ಕಾನೂನನ್ನು ರಚಿಸುವುದು ಸಾಧ್ಯವಾಯಿತು. ಆಹಾರ ಕಲಬೆರಕೆ ತಡೆ ಅಧಿನಿಯಮ, 1954 ಎಂಬ ಆ ಕಾನೂನು 1955ರ ಜೂನ್ 1ರಿಂದ ಜಾರಿಗೆ ಬಂದಿತು. ಐವತ್ತು ವರ್ಷಗಳಿಗೂ ಮಿಕ್ಕಿ ನಡೆದ ಅದನ್ನು 2006ರ ಅಧಿನಿಯಮವು ತೆಗೆದುಹಾಕಿತು. 2008ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸ್ಥಾಪನೆಗೊಂಡಿತು. ಹೊಸ ವಿನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು.

ಹೆಸರು ಬದಲಾದದ್ದು ಕೇವಲ ಔಪಚಾರಿಕವಲ್ಲ. ‘ಕಲಬೆರಕೆ’ ಎಂದೊಡನೆ ಮನಸ್ಸಿಗೆ ಬರುವುದು ದುರುದ್ದೇಶ. ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ. ಹಳೆಯ ಅಧಿನಿಯಮದಲ್ಲಿಯೂ ಹುಳು ಬಿದ್ದ, ಕೊಳಕಾದ ಸ್ಥಳದಲ್ಲಿ ಇಡಲಾದ ಆಹಾರವು ಕಲಬೆರಕೆಯೆಂದೇ ಪರಿಗಣಿತವಾಗುತ್ತಿತ್ತು. ಆದರೆ ಜನಸಾಮಾನ್ಯರಿಗೆ ಅದು ತಿಳಿಯುತ್ತಿರಲಿಲ್ಲ. ಪ್ರಾಮಾಣಿಕನಾದ ಗಿರಣಿಯವನು ‘ನಾನೇನೂ ಬೆರೆಸಿಲ್ಲವಲ್ಲ’ ಎಂದು ನಿಶ್ಚಿಂತನಾಗಿರುತ್ತಿದ್ದನು. ಸುರಕ್ಷತೆ ಎಂಬ ಪದವು ಆ ನಿಶ್ಚಿಂತೆಗೆ ಎಡೆಗೊಡುವುದಿಲ್ಲ.

ತಮಿಳುನಾಡಿನಿಂದಲೇ ಹೊರಟು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿದ ಒಂದು ಪ್ರಕರಣವು ಇಲ್ಲಿ ಉಲ್ಲೇಖಾರ್ಹ. ಕಡಲೆಕಾಯಿ ಎಣ್ಣೆ ಬೆರೆತ ಎಳ್ಳೆಣ್ಣೆಯ ಮಾರಾಟಕ್ಕೆ ಸಂಬಂಧಿಸಿದ ಆ ಮೊಕದ್ದಮೆಯಲ್ಲಿ, ಎಣ್ಣೆಯನ್ನು ತಿನ್ನಲು ಮಾರಲಿಲ್ಲ ಎಂಬ ವಾದವನ್ನು ಮಂಡಿಸಲಾಗಿತ್ತು. ಸಾಮಾನ್ಯವಾಗಿ ಆಹಾರವಾಗಿ ಬಳಕೆಯಾಗುವ ವಸ್ತುವನ್ನು ಯಾವ ಉದ್ದೇಶಕ್ಕೆ ಮಾರಿದರೂ ಅದು ಆಹಾರವೇ ಎಂದು ನ್ಯಾಯಾಲಯವು ಹೇಳಿತು. 1980ರ ಕಾನೂನು ವರದಿಗಳಲ್ಲಿ ಆ ತೀರ್ಪು ಪ್ರಕಟವಾಗಿದೆ. ಅದು 1954ರ ಅಧಿನಿಯಮದ ವ್ಯಾಖ್ಯೆಯನ್ನು ಆಧರಿಸಿದ ತೀರ್ಪು. ‘ಮಾನವ ಸೇವನೆಗಾಗಿ ಉದ್ದೇಶಿಸಿದ’ ಎಂಬುದು 2006ರ ಅಧಿನಿಯಮದ ಮಾತು. ಪದಗಳು ಬದಲಾಗಿವೆ, ನಿಜ. ಆದರೂ ಗೋಧಿ ಹಿಟ್ಟಿನ ಪೊಟ್ಟಣಕ್ಕೆ ‘ತಿನ್ನಲು ಅಲ್ಲ’ ಎಂಬ ಚೀಟಿ ಅಂಟಿಸಿ ಹೊಣೆಯನ್ನು ಕಳಚಿಕೊಳ್ಳಬಹುದೆಂದು ಯಾರೂ ಭಾವಿಸಬಾರದು.

ಹಿಟ್ಟಿನ ಅಂಕಿಗಳು ಏನನ್ನು ಹೇಳುತ್ತವೆ?

ಗೋಧಿ ಹಿಟ್ಟಿಗೆ ಸಂಬಂಧಿಸಿದಂತೆ 1955ರ ನಿಯಮಗಳ ಅನುಬಂಧದಲ್ಲಿ ನೆಲೆಗೊಂಡು 2011ರ ವಿನಿಯಮಗಳಿಗೂ ಬಂದ ಕೆಲವು ಅಂಕಿಗಳಿವೆ. ತೇವಾಂಶವು ಶೇಕಡಾ 14ನ್ನು ಮೀರಬಾರದು. ಸುಟ್ಟಾಗ ಉಳಿಯುವ ಒಟ್ಟು ಬೂದಿ ಶೇಕಡಾ 2ನ್ನು, ಆ ಬೂದಿಯಲ್ಲಿ ಸೌಮ್ಯವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗದೆ ಉಳಿಯುವ ಭಾಗ ಶೇಕಡಾ 0.15ನ್ನು ಮೀರಬಾರದು. ಗ್ಲೂಟೆನ್ ಎಂಬ ಅಂಟು ಶೇಕಡಾ 6ಕ್ಕಿಂತ ಕಡಿಮೆ ಇರಬಾರದು. ಮದ್ಯಸಾರದಲ್ಲಿ ಅಳೆಯುವ ಆಮ್ಲತೆ ಶೇಕಡಾ 0.18ರೊಳಗೆ ಇರಬೇಕು. ಇಲಿಯ ಕೂದಲಾಗಲಿ ಹಿಕ್ಕೆಯಾಗಲಿ ಇರಕೂಡದು. ಓದುವಾಗ ಇವು ನೀರಸವಾದ ಅಂಕಿಗಳಂತೆ ತೋರುತ್ತವೆ. ಆದರೆ ಹಳೆಯ ಕಲ್ಲಿನ ಗಿರಣಿಯ ಒಂದೊಂದು ಮೂಲೆಯೂ ಇವುಗಳಲ್ಲಿ ಅಡಗಿದೆ.

ಆಮ್ಲದಲ್ಲಿ ಕರಗದ ಬೂದಿಯನ್ನೇ ತೆಗೆದುಕೊಳ್ಳೋಣ. ಧಾನ್ಯದ ಸಹಜವಾದ ಖನಿಜಾಂಶಗಳು ಆಮ್ಲದಲ್ಲಿ ಕರಗುತ್ತವೆ. ಕರಗದೆ ಉಳಿಯುವುದು ಬಹುಮಟ್ಟಿಗೆ ಮರಳು ಮತ್ತು ಕಲ್ಲಿನ ಪುಡಿ. ಶೇಕಡಾ 0.15 ಎಂದರೆ ಒಂದು ಕಿಲೋಗ್ರಾಂ ಒಣ ಹಿಟ್ಟಿಗೆ ಒಂದೂವರೆ ಗ್ರಾಂ. ಈ ಮರಳು ಎರಡು ದಾರಿಗಳಿಂದ ಬರುತ್ತದೆ. ಸರಿಯಾಗಿ ಕೇರದ, ಕಣದ ಮಣ್ಣು ಹೋಗದ ಧಾನ್ಯ ಒಂದು ದಾರಿ. ಬೀಸುವ ಕಲ್ಲೇ ಇನ್ನೊಂದು. ಸವೆದ ಕಲ್ಲಿನ ಮೈಗೆ ಉಳಿಯಿಂದ ಮತ್ತೆ ಕಚ್ಚು ಹೊಡೆದ ಮೇಲೆ ಮೊದಮೊದಲು ಕಲ್ಲಿನ ಹುಡಿ ಉದುರುವುದು ಅನಿವಾರ್ಯ. ಹೊಸದಾಗಿ ಕಚ್ಚು ಹೊಡೆಸಿದ ಬೀಸುಕಲ್ಲಿನಲ್ಲಿ ಮೊದಲು ಬೀಸಿದ್ದನ್ನು ಚೆಲ್ಲುವ ರೂಢಿ ನಮ್ಮ ಮನೆಗಳಲ್ಲಿ ಇತ್ತು. ಗಿರಣಿಯಲ್ಲಿಯೂ ಹೊಟ್ಟನ್ನೋ ಕಳಪೆ ಕಾಳನ್ನೋ ಮೊದಲು ಬೀಸಿ ಎಸೆಯಬೇಕು. ಎರಡು ಕಲ್ಲುಗಳ ನಡುವಣ ಅಂತರ ತಪ್ಪಿ, ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದರೆ ಒಂದೇ ಗಳಿಗೆಯಲ್ಲಿ ಈ ಮಿತಿ ಮೀರಬಹುದು. ಯಂತ್ರದ ಕಬ್ಬಿಣದ ಭಾಗಗಳು ಸವೆದು ಉದುರುವ ಚೂರುಗಳಾದರೋ ಅಯಸ್ಕಾಂತಕ್ಕೆ ಸಿಗುತ್ತವೆ. ಹಿಟ್ಟು ಹೊರಬೀಳುವ ದಾರಿಯಲ್ಲಿ ಒಳ್ಳೆಯ ಅಯಸ್ಕಾಂತವನ್ನಿಟ್ಟು ದಿನವೂ ಒರೆಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮದ್ಯಸಾರದ ಆಮ್ಲತೆಯು ಹಿಟ್ಟಿನ ವಯಸ್ಸನ್ನು ಹೇಳುತ್ತದೆ. ಗೋಧಿಯ ಕಾಳಿನಲ್ಲಿ ಹೊರಗಿನ ತೌಡು, ಒಳಗಿನ ಬಿಳಿಯ ಭಾಗ, ಒಂದು ತುದಿಯಲ್ಲಿ ಮೊಳಕೆಯ ಭ್ರೂಣ ಎಂದು ಮೂರು ಭಾಗಗಳಿವೆ. ಉರುಳೆಗಳಿಂದ ನಡೆಯುವ ದೊಡ್ಡ ಗಿರಣಿಗಳು ತೌಡನ್ನೂ ಭ್ರೂಣವನ್ನೂ ಬೇರ್ಪಡಿಸಿ ಮೈದಾ ಹಿಟ್ಟನ್ನು ತೆಗೆಯುತ್ತವೆ. ಕಲ್ಲಿನ ಗಿರಣಿಯಲ್ಲಿ ಎಲ್ಲವೂ ಒಟ್ಟಿಗೆ ಅರೆದು ಸೇರುತ್ತವೆ. ಅದರ ರುಚಿ, ಪುಷ್ಟಿಗಳ ಗುಟ್ಟು ಇದೇ; ಅದು ಬೇಗ ಕೆಡುವುದರ ಕಾರಣವೂ ಇದೇ. ಭ್ರೂಣದಲ್ಲಿರುವ ಎಣ್ಣೆ ಗಾಳಿ ಮತ್ತು ಶಾಖಗಳಿಗೆ ಸಿಲುಕಿ ಒಡೆದು ಹುಳಿಯುತ್ತದೆ, ಕಮಟು ವಾಸನೆ ಬರುತ್ತದೆ. ವೇಗವಾಗಿ ತಿರುಗುವ ಕಲ್ಲಿನಿಂದ ಬಿಸಿಬಿಸಿಯಾಗಿ ಬಂದ ಹಿಟ್ಟನ್ನು ಆರುವ ಮೊದಲೇ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ; ಬೂಷ್ಟು ಹಿಡಿಯುತ್ತದೆ. ದೊಡ್ಡ ಕಂಪನಿಯ ಪೊಟ್ಟಣವನ್ನು ನೋಡಿ ಅಷ್ಟೇ ತಿಂಗಳುಗಳ ಅವಧಿಯನ್ನು ತನ್ನ ಪೊಟ್ಟಣದ ಮೇಲೂ ಮುದ್ರಿಸುವ ಗಿರಣಿಯವನು ತನ್ನ ಹಿಟ್ಟಿನ ಸ್ವಭಾವವನ್ನೇ ಅರಿತಿಲ್ಲವೆಂದು ಹೇಳಬೇಕಾಗುತ್ತದೆ.

ತೇವಾಂಶದ ಮಿತಿಯು ಚೆನ್ನೈನಂತಹ ಕಡಲತೀರದ ನಗರದಲ್ಲಿ ಬಹಳ ಕಠಿಣವಾದುದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುವ ಈಶಾನ್ಯ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಗೋಣಿಗಳು ತಾವಾಗಿಯೇ ತೇವವನ್ನು ಹೀರುತ್ತವೆ. 2015ರ ಡಿಸೆಂಬರಿನ ಪ್ರವಾಹ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತಗಳಂತಹ ಸಂದರ್ಭಗಳಲ್ಲಿ ನೆಲಮಟ್ಟದ ಮಳಿಗೆಗಳ ಗತಿಯೇನೆಂದು ಊಹಿಸಬಹುದು. ನೆನೆದ ಧಾನ್ಯವನ್ನು ಒಣಗಿಸಿ ಬೀಸಿದರಾಯಿತೆಂಬ ಎಣಿಕೆ ಅಪಾಯಕಾರಿ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಒಣಗಿಸಿದರೆ ಹೋಗುವುದಿಲ್ಲ, ರೊಟ್ಟಿ ಸುಟ್ಟರೂ ಪೂರ್ಣವಾಗಿ ನಾಶವಾಗುವುದಿಲ್ಲ. ಇದು ಯಕೃತ್ತಿಗೆ ಮಾರಕ. ಅದರ ಮಿತಿಯನ್ನು ಕಿಲೋಗ್ರಾಂಗೆ ಮೈಕ್ರೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ, ಗೊತ್ತುಪಡಿಸಿರುವುದೇ ಅದರ ಉಗ್ರತೆಗೆ ಸಾಕ್ಷಿ.

ಹುಳು ಬಿದ್ದ ಕಾಳನ್ನು ಬೀಸಿದರೆ ಹುಳು ಕಾಣದು. ಆದರೆ ಕೀಟಗಳ ವಿಸರ್ಜನೆಯಿಂದ ಬರುವ ಯೂರಿಕ್ ಆಮ್ಲ ಉಳಿಯುತ್ತದೆ. ಆಹಾರಧಾನ್ಯಗಳಲ್ಲಿ ಅದು ಕಿಲೋಗ್ರಾಂಗೆ 100 ಮಿಲಿಗ್ರಾಂ ಮೀರಬಾರದೆಂದು ಹಳೆಯ ನಿಯಮಗಳಲ್ಲಿಯೇ ಇತ್ತು. ಕಡಲೆ ಹಿಟ್ಟಿನ ವಿಷಯದಲ್ಲಿ ಬೇರೆ ಧಾನ್ಯದ ಹಿಟ್ಟಾಗಲಿ ಬಣ್ಣವಾಗಲಿ ಸೇರಬಾರದು. ಇನ್ನು ರಾಗಿ, ನವಣೆ, ಸಾಮೆ ಮೊದಲಾದ 15 ಬಗೆಯ ಸಿರಿಧಾನ್ಯಗಳಿಗೆ ಸಮಗ್ರವಾದ ಮಾನಕವು 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಮಾನಕಗಳಿಗೆ ಆಗಾಗ ತಿದ್ದುಪಡಿಗಳಾಗುತ್ತವೆ. ಮಾರಾಟ ಮಾಡುವವರು ಮೇಲಿನ ಅಂಕಿಗಳನ್ನು ಕಂಠಪಾಠ ಮಾಡುವುದಕ್ಕಿಂತ ಚಾಲ್ತಿಯಲ್ಲಿರುವ ವಿನಿಯಮದ ಪ್ರತಿಯನ್ನು ನೋಡಿಕೊಳ್ಳುವುದು ಲೇಸು.

ಅಂಕಿಗಳ ಹಿಂದಿನ ಸಾವುಗಳು

ಇಷ್ಟೊಂದು ಎಚ್ಚರಿಕೆ ಏತಕ್ಕೆ ಎಂದು ಕೇಳುವವರಿಗೆ ನಮ್ಮ ನೆರೆಯ ಕೇರಳದ ಒಂದು ದುರಂತವೇ ಉತ್ತರ. 1958ರಲ್ಲಿ ಮುಂಬಯಿಯಿಂದ ಕೊಚ್ಚಿಗೆ ಹೊರಟ ಹಡಗೊಂದರಲ್ಲಿ ಆಹಾರ ಪದಾರ್ಥಗಳೊಂದಿಗೆ ಪ್ಯಾರಾಥಿಯಾನ್ ಎಂಬ ಉಗ್ರವಾದ ಕೀಟನಾಶಕವನ್ನೂ ಸಾಗಿಸಲಾಗಿತ್ತು. ಕೀಟನಾಶಕವು ಸೋರಿ ಗೋಧಿ ಹಿಟ್ಟಿಗೆ ಸೇರಿತು. ಅದನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಯಾರೂ ದುರುದ್ದೇಶದಿಂದ ಏನನ್ನೂ ಬೆರೆಸಿರಲಿಲ್ಲ. ಎರಡು ಸರಕುಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದರು, ಅಷ್ಟೇ. ನ್ಯಾಯಮೂರ್ತಿ ಜೆ. ಸಿ. ಷಾ ಅವರ ವಿಚಾರಣಾ ಆಯೋಗವು ಈ ಘಟನೆಯನ್ನು ಪರಿಶೀಲಿಸಿತು. ಕೀಟನಾಶಕಗಳ ಅಧಿನಿಯಮ, 1968ರ ಹಿನ್ನೆಲೆಯಲ್ಲಿ ಇರುವುದು ಈ ದುರಂತವೇ. ಇಲಿ ಪಾಷಾಣ, ಜಿರಲೆ ಮದ್ದು, ಫಿನಾಯಿಲುಗಳನ್ನು ಆಹಾರದಿಂದ ದೂರ, ಪ್ರತ್ಯೇಕವಾಗಿ ಇಡಬೇಕೆಂಬ ಮಾತು 2011ರ ಪರವಾನಗಿ ಮತ್ತು ನೋಂದಣಿ ವಿನಿಯಮಗಳ 4ನೆಯ ಅನುಸೂಚಿಯಲ್ಲಿ ಅತಿ ಸಣ್ಣ ಅಂಗಡಿಗೂ ಅನ್ವಯವಾಗುವಂತೆ ಬಂದಿದೆ. ಒಂದೇ ಕೋಣೆಯ ಗಿರಣಿಯಲ್ಲಿ ಇದನ್ನು ಪಾಲಿಸುವುದು ಕಷ್ಟವೆಂಬುದು ನಿಜ. ಆ ವಸ್ತುಗಳನ್ನು ಕೋಣೆಯ ಒಳಗೆ ಇಡದಿರುವುದೇ ಅದಕ್ಕೆ ದಾರಿ.

ಎರಡನೆಯ ಉದಾಹರಣೆ ದೂರದ್ದು. ಆದರೆ ಹಳೆಯ ಗಿರಣಿಗಳಿಗೆ ನೇರವಾಗಿ ಸಂಬಂಧಿಸಿದುದು. 1980ರ ದಶಕದ ಆರಂಭದಲ್ಲಿ ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿ ಹಳ್ಳಿಗಳಲ್ಲಿ ಕುಟುಂಬಕ್ಕೆ ಕುಟುಂಬವೇ ಹೊಟ್ಟೆನೋವು, ರಕ್ತಹೀನತೆಗಳಿಂದ ನರಳಿತು. ವೈದ್ಯರು ಪರೀಕ್ಷಿಸಿದಾಗ ಅದು ಸೀಸದ ವಿಷವೆಂದು ಗೊತ್ತಾಯಿತು. ಹುಡುಕಿದಾಗ ಮೂಲ ದೊರೆತದ್ದು ಊರಿನ ಹಿಟ್ಟಿನ ಗಿರಣಿಯಲ್ಲಿ. ಬೀಸುವ ಕಲ್ಲಿಗೆ ಅಚ್ಚನ್ನು ಭದ್ರವಾಗಿ ಕೂರಿಸಲು ಕಾಯಿಸಿದ ಸೀಸವನ್ನು ಸುರಿಯುವ ಹಳೆಯ ಪದ್ಧತಿ ಅಲ್ಲಿತ್ತು. ಕಲ್ಲು ತಿರುಗಿದಂತೆ ಸೀಸ ಸವೆದು ಹಿಟ್ಟಿಗೆ ಬೀಳುತ್ತಿತ್ತು. ನಮ್ಮ ದೇಶದ 2011ರ ವಿನಿಯಮಗಳಲ್ಲಿ ಪ್ರತ್ಯೇಕವಾಗಿ ಹೆಸರಿಸದ ಆಹಾರಗಳಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ ಎರಡೂವರೆ ಭಾಗದ ಮಿತಿಯನ್ನು ಇಡಲಾಯಿತು. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹಲ್ಲಿಗೂ ಸಿಗದು. ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅದು ಕುಂಠಿತಗೊಳಿಸುತ್ತದೆ. ತಲೆಮಾರುಗಳಿಂದ ಬಂದ ಕಲ್ಲನ್ನು ಮತ್ತೆ ಹೂಡುವವರು ಅದರ ನಡುವಿನ ಕುಳಿಯಲ್ಲಿ ತುಂಬಿರುವ ಲೋಹ ಯಾವುದೆಂದು ಮೊದಲು ಪರೀಕ್ಷಿಸಿಕೊಳ್ಳಬೇಕು.

ಪುರಾತನ ಗಿರಣಿಗಳಿಗೆ ವಿನಾಯಿತಿ ಉಂಟೇ?

ವಯಸ್ಸಿಗೆ ಕಾನೂನಿನಲ್ಲಿ ವಿನಾಯಿತಿಯಿಲ್ಲ. ಹಿಂದೆ ಔರಂಗಾಬಾದ್ ಎನಿಸಿದ್ದ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಬಾಬಾ ಶಾ ಮುಸಾಫಿರರ ದರ್ಗಾದ ಆವರಣದಲ್ಲಿರುವ ಪನ್‌ಚಕ್ಕಿಯು ನೀರಿನ ಬಲದಿಂದ ತಿರುಗಿ ಯಾತ್ರಿಕರಿಗಾಗಿ ಹಿಟ್ಟು ಬೀಸುತ್ತಿದ್ದ ಗಿರಣಿ. ಇಂದು ಅದು ಪ್ರೇಕ್ಷಣೀಯ ಸ್ಥಳ. ನೋಡಲು ತಿರುಗುವ ಕಲ್ಲಿಗೆ ಆಹಾರದ ಕಾನೂನು ಬೇಕಿಲ್ಲ. ಆದರೆ ಅಂತಹ ಯಾವುದೇ ಗಿರಣಿಯ ಹಿಟ್ಟನ್ನು ಪ್ರವಾಸಿಗರಿಗೆ ಮಾರಿದರೆ, ಅಥವಾ ಪುಕ್ಕಟೆಯಾಗಿಯೇ ಹಂಚಿದರೂ, ಆ ದಿನದಿಂದಲೇ ಅದು ಆಹಾರ ವ್ಯವಹಾರವಾಗುತ್ತದೆ.

ಇಂಗ್ಲೆಂಡಿನಲ್ಲಿ ಈ ಸಮಸ್ಯೆ ಹೆಚ್ಚು ಸಾಮಾನ್ಯವಾದುದು. ಯಾರ್ಕ್ ನಗರದ ಹೋಲ್ಗೇಟ್ ಗಾಳಿಗಿರಣಿ 1770ರದು, ಸ್ವಯಂಸೇವಕರು ಅದನ್ನು ದುರಸ್ತಿ ಮಾಡಿ 2012ರಿಂದ ಮತ್ತೆ ನಡೆಸುತ್ತಿದ್ದಾರೆ, ಹಿಟ್ಟನ್ನೂ ಮಾರುತ್ತಾರೆ. ಅಲ್ಲಿನ 1998ರ ಕಾನೂನಿನಂತೆ ತೌಡು ತೆಗೆದ ಗೋಧಿ ಹಿಟ್ಟಿಗೆ ಕ್ಯಾಲ್ಸಿಯಂ, ಕಬ್ಬಿಣ ಮತ್ತು ಎರಡು ಜೀವಸತ್ವಗಳನ್ನು ಸೇರಿಸುವುದು ಕಡ್ಡಾಯ. ನವಜಾತ ಶಿಶುಗಳ ಬೆನ್ನುಹುರಿಯ ದೋಷವನ್ನು ತಡೆಯಲು ಫೋಲಿಕ್ ಆಮ್ಲವನ್ನೂ ಸೇರಿಸಬೇಕೆಂದು 2024ರಲ್ಲಿ ತಿದ್ದುಪಡಿ ತಂದಾಗ, ವರ್ಷಕ್ಕೆ 500 ಟನ್ನಿಗಿಂತ ಕಡಿಮೆ ಬೀಸುವ ಸಣ್ಣ ಗಿರಣಿಗಳಿಗೆ ವಿನಾಯಿತಿ ನೀಡಲಾಯಿತು. ಇಲ್ಲಿ ಗಮನಿಸಬೇಕಾದುದು ವಿನಾಯಿತಿಯ ಬಗೆ. ಪೋಷಕಾಂಶವನ್ನು ಕರಾರುವಾಕ್ಕಾಗಿ ಬೆರೆಸುವ ಯಂತ್ರ ಹಳೆಯ ಗಿರಣಿಯಲ್ಲಿ ಇರುವುದಿಲ್ಲ. ಆ ಭಾರವನ್ನು ಇಳಿಸಿದ್ದಾರೆ. ಇಲಿ, ಕಲ್ಲು, ಬೂಷ್ಟುಗಳ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ. ನಮ್ಮಲ್ಲಿ 2018ರ ವಿನಿಯಮಗಳು ಗೋಧಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವಗಳನ್ನು ಸೇರಿಸುವ ಮಾನಕವನ್ನು ನಿಗದಿಪಡಿಸಿದವು. ಹಾಗೆ ಸೇರಿಸಿದ ಹಿಟ್ಟಿನ ಪೊಟ್ಟಣದ ಮೇಲೆ ‘+ಎಫ್’ ಚಿಹ್ನೆಯನ್ನು ಕಾಣಬಹುದು. ಕೈಯಳತೆಯಲ್ಲಿ ಈ ಪುಡಿಯನ್ನು ಬೆರೆಸುವ ಸಾಹಸಕ್ಕೆ ಸಣ್ಣ ಗಿರಣಿಯವರು ಇಳಿಯದಿರುವುದೇ ಕ್ಷೇಮ.

ನೋಂದಣಿ ಮತ್ತು ಪೊಟ್ಟಣದ ಬರಹ

ಚಿಕ್ಕ ಉದ್ಯಮಗಳ ವಿಷಯದಲ್ಲಿ ಅಧಿನಿಯಮವು ನಿಷ್ಕರುಣೆಯಿಂದ ವರ್ತಿಸಿಲ್ಲ. ತಾವೇ ತಯಾರಿಸಿ ಮಾರುವ ಸಣ್ಣ ತಯಾರಕರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿ ಸಾಕೆಂದು 31ನೆಯ ಪ್ರಕರಣ ಹೇಳುತ್ತದೆ. 2011ರ ವಿನಿಯಮಗಳು ಇದಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿಗಳ ವಹಿವಾಟು, ದಿನಕ್ಕೆ 100 ಕಿಲೋಗ್ರಾಂ ತಯಾರಿಕೆ ಎಂಬ ಮಿತಿಗಳನ್ನು ಇಟ್ಟು, ವರ್ಷಕ್ಕೆ 100 ರೂಪಾಯಿ ಶುಲ್ಕವನ್ನು ಗೊತ್ತುಪಡಿಸಿದವು. ದೊಡ್ಡ ಆಹಾರ ಸಂಸ್ಕರಣಾ ಘಟಕಗಳು ಕೇಂದ್ರದ ಪರವಾನಗಿ ಪಡೆಯಬೇಕಾದರೂ, ಧಾನ್ಯ ಮತ್ತು ಬೇಳೆ ಬೀಸುವ ಘಟಕಗಳನ್ನು ಅದೇ ವಿನಿಯಮಗಳಲ್ಲಿ ರಾಜ್ಯದ ಅಧಿಕಾರಿಗಳ ವ್ಯಾಪ್ತಿಗೇ ಬಿಡಲಾಯಿತು. ಚೆನ್ನೈನಲ್ಲಿ ಈ ಕಾರ್ಯವು ತಮಿಳುನಾಡು ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆಯದು. 2020ರಿಂದ ಅರ್ಜಿಗಳನ್ನು ಫಾಸ್ಕಾಸ್ ಎಂಬ ಕಂಪ್ಯೂಟರ್ ಜಾಲದ ಮೂಲಕ ಸ್ವೀಕರಿಸಲಾಗುತ್ತಿದೆ. ಮಿತಿ ಮತ್ತು ಶುಲ್ಕಗಳು ಬದಲಾಗಬಹುದಾದ್ದರಿಂದ ಅರ್ಜಿ ಸಲ್ಲಿಸುವ ದಿನದಂದು ಇರುವುದನ್ನು ಅಲ್ಲಿಯೇ ತಿಳಿದುಕೊಳ್ಳಬೇಕು. ನೋಂದಣಿಯಾದ ಮೇಲೆ ದೊರೆಯುವ 14 ಅಂಕಿಗಳ ಸಂಖ್ಯೆಯು ಪೊಟ್ಟಣದ ಮೇಲೆ ಇರಬೇಕು.

ಪೊಟ್ಟಣದ ಮೇಲೆ ಇನ್ನೇನಿರಬೇಕು? ಆಹಾರದ ಹೆಸರು, ಅದರಲ್ಲಿ ಸೇರಿದ ಪದಾರ್ಥಗಳು, ನಿವ್ವಳ ತೂಕ, ತಯಾರಕರ ಹೆಸರು ಮತ್ತು ವಿಳಾಸ, ತಯಾರಿಸಿದ ದಿನಾಂಕ, ಬಳಸಬಹುದಾದ ಅವಧಿ, ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಚಿಹ್ನೆ. ತೂಕ ಮತ್ತು ಬೆಲೆಗಳ ಬಗ್ಗೆ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮ, 2009ರ ನಿಯಮಗಳೂ ಅನ್ವಯಿಸುತ್ತವೆ. ಪೊಟ್ಟಣವಿಲ್ಲದೆ ಬಿಡಿಯಾಗಿ ಮಾರುವವರ ತಕ್ಕಡಿಗೆ ಮುದ್ರೆ ಬಿದ್ದಿರಲೇಬೇಕು. ಪದಾರ್ಥಗಳ ಪಟ್ಟಿಯನ್ನು ಹಗುರವಾಗಿ ಎಣಿಸಬಾರದು. ಸತ್ತು ಮಾವಿನಲ್ಲಿ ಗೋಧಿ, ಕಡಲೆಕಾಯಿ, ಸೋಯಾ, ಗೋಡಂಬಿಗಳು ಇರುತ್ತವೆ. ಇವು ಒಗ್ಗದವರಿಗೆ ಆ ಒಂದು ಸಾಲೇ ಪ್ರಾಣರಕ್ಷಕ. ಒಂದೇ ಯಂತ್ರದಲ್ಲಿ ಕಡಲೆಕಾಯಿಯನ್ನೂ ರಾಗಿಯನ್ನೂ ಬೀಸುವುದಾದರೆ ನಡುವೆ ಯಂತ್ರವನ್ನು ಶುಚಿಗೊಳಿಸುವುದು ಅತ್ಯವಶ್ಯಕ.

ಮಕ್ಕಳ ವಿಷಯದಲ್ಲಿ ಒಂದು ವಿಶೇಷ ಎಚ್ಚರಿಕೆ. ಗಂಜಿ ಹಿಟ್ಟಿನ ಪೊಟ್ಟಣದ ಮೇಲೆ ಮುದ್ದಾದ ಕೂಸಿನ ಚಿತ್ರವನ್ನು ಅಚ್ಚು ಹಾಕಿಸಿ, ‘ಆರು ತಿಂಗಳ ಮಗುವಿಗೆ’ ಎಂದು ಬರೆಸುವ ಆಸೆ ಗಿರಣಿಯವರಿಗೆ ಸಹಜ. ಹಾಗೆ ಬರೆದೊಡನೆ ಆ ಹಿಟ್ಟು ಶಿಶು ಆಹಾರವಾಗುತ್ತದೆ. 1992ರ ಶಿಶು ಹಾಲಿನ ಬದಲಿ, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರಗಳ ಅಧಿನಿಯಮವು ಅನ್ವಯವಾಗುತ್ತದೆ. 2003ರಲ್ಲಿ ತಿದ್ದುಪಡಿಯಾದ ಈ ಅಧಿನಿಯಮದಂತೆ ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ನೀಡುವಂತಿಲ್ಲ. ಪೊಟ್ಟಣದ ಮೇಲೆ ಕೂಸಿನ ಅಥವಾ ತಾಯಿಯ ಚಿತ್ರವನ್ನು ಹಾಕುವಂತಿಲ್ಲ. ಶಿಶು ಆಹಾರದ ಮಾನಕಗಳಾದರೋ ಒಂದು ಕೋಣೆಯ ಗಿರಣಿಗೆ ನಿಲುಕುವಂತಹವಲ್ಲ.

ಕೊಳ್ಳುವವರ ಹಕ್ಕು

ಹಿಟ್ಟಿನ ಬಗ್ಗೆ ಸಂದೇಹ ಬಂದವರು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದೆಂಬುದು ಬಹುಜನರಿಗೆ ಗೊತ್ತಿದೆ. ತಾವೇ ಅದನ್ನು ವಿಶ್ಲೇಷಣೆಗೆ ಕಳುಹಿಸಬಹುದೆಂಬುದು ಅನೇಕರಿಗೆ ಗೊತ್ತಿಲ್ಲ. ಅಧಿನಿಯಮದ 40ನೆಯ ಪ್ರಕರಣವು ಯಾವುದೇ ಗ್ರಾಹಕನಿಗೆ ಈ ಅಧಿಕಾರವನ್ನು ನೀಡಿದೆ. ಕೊಳ್ಳುವ ಹೊತ್ತಿನಲ್ಲಿಯೇ, ‘ಇದನ್ನು ಪರೀಕ್ಷೆಗೆ ಕಳುಹಿಸುತ್ತೇನೆ’ ಎಂದು ಮಾರುವವರಿಗೆ ತಿಳಿಸಿರಬೇಕು. ನಿಗದಿತ ಶುಲ್ಕವನ್ನು ತೆತ್ತು ಆಹಾರ ವಿಶ್ಲೇಷಕರಿಗೆ ಮಾದರಿಯನ್ನು ಒಪ್ಪಿಸಬೇಕು. ಮನೆಗೆ ಒಯ್ದು, ತೆರೆದು, ಹದಿನೈದು ದಿನ ಬಳಸಿದ ಹಿಟ್ಟಿಗೆ ಈ ಸೌಲಭ್ಯ ಒದಗುವುದಿಲ್ಲ. ಮಾದರಿಯು ಅಧಿನಿಯಮಕ್ಕೆ ವಿರುದ್ಧವಾಗಿದೆಯೆಂದು ವರದಿ ಬಂದರೆ ತೆತ್ತ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ.

ಅಧಿಕಾರಿಯು ತಾನೇ ಮಾದರಿ ತೆಗೆದಾಗ ಅದನ್ನು ನಾಲ್ಕು ಭಾಗ ಮಾಡುತ್ತಾನೆ. ಒಂದು ಭಾಗ ವಿಶ್ಲೇಷಕರಿಗೆ, ಎರಡು ಭಾಗಗಳು ಅಂಕಿತಾಧಿಕಾರಿಯ ವಶಕ್ಕೆ. ನಾಲ್ಕನೆಯದನ್ನು ಗಿರಣಿಯವರು ಕೋರಿದಲ್ಲಿ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ ಕಳುಹಿಸಬೇಕು. 1954ರ ಅಧಿನಿಯಮದಲ್ಲಿ ಮೂರೇ ಭಾಗಗಳಿದ್ದವು. ಈ ನಾಲ್ಕನೆಯ ಭಾಗವು ಗಿರಣಿಯವರ ರಕ್ಷಣೆಗೆಂದೇ ಹೊಸದಾಗಿ ಸೇರಿದುದು. ಅದನ್ನು ಕೋರುವ ಹಕ್ಕು ತಮಗಿದೆಯೆಂಬುದನ್ನು ಮಾದರಿ ತೆಗೆಯುವ ಸಮಯದಲ್ಲಿಯೇ ಅವರು ನೆನಪಿಡಬೇಕು. ವಿಶ್ಲೇಷಕರು ಮಾದರಿ ತಲುಪಿದ 14 ದಿನಗಳೊಳಗೆ ವರದಿಯನ್ನು ನೀಡತಕ್ಕದ್ದು. ದೋಷವಿದ್ದಲ್ಲಿ ಮೊದಲು ಸುಧಾರಣಾ ನೋಟೀಸನ್ನು ಕೊಟ್ಟು, ಏನನ್ನು ಎಷ್ಟು ದಿನಗಳೊಳಗೆ ಸರಿಪಡಿಸಬೇಕೆಂದು ಬರಹದಲ್ಲಿ ತಿಳಿಸುವ ಕ್ರಮವೂ 32ನೆಯ ಪ್ರಕರಣದಲ್ಲಿದೆ. ದಂಡದ ಮೊತ್ತವನ್ನು ನಿರ್ಧರಿಸುವಾಗ ಗಳಿಸಿದ ಲಾಭ, ಗ್ರಾಹಕನಿಗಾದ ನಷ್ಟ, ತಪ್ಪು ಮತ್ತೆ ಮತ್ತೆ ನಡೆದಿದೆಯೇ, ತಿಳಿದೂ ಮಾಡಿದ್ದೇ ಎಂಬ ಸಂಗತಿಗಳನ್ನು ಪರಿಗಣಿಸಬೇಕೆಂದು 49ನೆಯ ಪ್ರಕರಣವು ವಿಧಿಸಿದೆ.